ಮೋಡ ಹಿಡಿದವರೇ, ನೆಲ ಎಲ್ಲಿ ಬಿಟ್ಟಿರಿ?

ಹೋದ ತಿಂಗಳು ನಮ್ಮೂರ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂತು. ನೀಲಿ ಆಕಾಶ, ನಡುವೆ ಒಂದೇ ಒಂದು ಮೋಡ. ನಾವು ದಿನಾ ನೋಡುವ ಹತ್ತಿ ಉಂಡೆಯಂಥ ಮೋಡ ಅಲ್ಲ ಅದು. ನಾಕೈದು ಊಟದ ತಟ್ಟೆ ಒಂದರ ಮೇಲೊಂದು ಬೋರಲು ಹಾಕಿದ ಹಾಗಿತ್ತು. ಅಂಚೆಲ್ಲ ನುಣುಪು. ಕೆಳಗೆ ಬರಹ: "ಮರುಭೂಮಿಯಲ್ಲಿ ಕಾಣಿಸಿಕೊಂಡ ವಿಚಿತ್ರ! ಏನೋ ಕಾದಿದೆ. ಹತ್ತು ಜನಕ್ಕೆ ಕಳಿಸಿ."

ಹತ್ತೇ ನಿಮಿಷದಲ್ಲಿ ಗ್ರೂಪು ಗಿಜಿಗುಟ್ಟಿತು. ಒಬ್ಬರು ಹಾರುವ ತಟ್ಟೆ ಅಂದರು. ಒಬ್ಬರು ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು ಅಂದರು. ಇನ್ನೊಬ್ಬರು ಸುಮ್ಮನೆ ಕೈಮುಗಿದ ಚಿತ್ರ ಹಾಕಿದರು. ಕೊನೆಗೆ ನಮ್ಮ ಸೋದರಮಾವ ನನಗೇ ಫೋನ್ ಮಾಡಿದರು. "ಜರ್ನಲಿಸಂ ಓದಿದೀಯಲ್ಲ, ಇದು ನಿಜವೋ ಸುಳ್ಳೋ ನೋಡಿ ಹೇಳು."

ಹುಡುಕಿದೆ. ಅದೇ ಫೋಟೋ ಹತ್ತಾರು ಕಡೆ ಇತ್ತು, ಒಂದೊಂದು ಕಡೆ ಒಂದೊಂದು ಕಥೆ. ಒಂದೇ ಒಂದು ಕಡೆ ಮಾತ್ರ ಅಗಲವಾದ ಮೂಲ ಚಿತ್ರ ಸಿಕ್ಕಿತು, ಜೊತೆಗೆ ಜಾಗದ ಹೆಸರು: ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓವೆನ್ಸ್ ಕಣಿವೆ. ಆ ಮೂಲ ಚಿತ್ರದಲ್ಲಿ ಮೋಡದ ಕೆಳಗೆ ಹಿಮ ಹೊತ್ತ ಬೆಟ್ಟಸಾಲು ಇತ್ತು. ಬೆಟ್ಟದ ಬುಡದಲ್ಲಿ ಬೆಳ್ಳಗಿನ ಬಯಲು. ಆ ಬಯಲಿನಿಂದ ಹೊಗೆಯ ಹಾಗೆ ದೂಳು ಏಳುತ್ತಿತ್ತು. ನಮ್ಮ ಗ್ರೂಪಿಗೆ ಬರುವಷ್ಟರಲ್ಲಿ ಯಾರೋ ಕೆಳಗಿನ ಅರ್ಧವನ್ನು ಕತ್ತರಿಸಿ ಬಿಸಾಕಿದ್ದರು.

ನನ್ನ ತಕರಾರು ಇರುವುದು ಆ ಕತ್ತರಿಸಿದ ಅರ್ಧದ ಬಗ್ಗೆ.

ಮೊದಲು ಮೋಡದ ವಿಷಯ ಮುಗಿಸೋಣ. ಇದಕ್ಕೆ ಮಸೂರ ಮೋಡ ಅನ್ನುತ್ತಾರೆ. ಮಸೂರ ಅಂದರೆ ಕನ್ನಡಕದ ಗಾಜು ಅಂತ ಶಾಲೆಯಲ್ಲಿ ಓದಿದ್ದೀವಿ. ಮಸೂರ ಅಂದರೆ ಬೇಳೆಯೂ ಹೌದು, ನಮ್ಮ ಅಂಗಡಿಗಳಲ್ಲಿ ಚನ್ನಂಗಿ ಬೇಳೆ ಅಂತ ಕೊಡುತ್ತಾರಲ್ಲ, ಅದೇ. ಆ ಕಾಳಿನ ಆಕಾರ ನಡುವೆ ದಪ್ಪ, ಅಂಚಿನಲ್ಲಿ ತೆಳು. ಗಾಜಿಗೂ ಮೋಡಕ್ಕೂ ಹೆಸರು ಬಂದದ್ದು ಆ ಕಾಳಿನಿಂದಲೇ.

ಅದು ಹೇಗೆ ಆಗುತ್ತದೆ ಅನ್ನುವುದನ್ನು ಹೊಲಕ್ಕೆ ನೀರು ಕಟ್ಟಿದವರಿಗೆ ಬೇರೆ ಹೇಳಬೇಕಿಲ್ಲ. ಕಾಲುವೆಯಲ್ಲಿ ನೀರು ಜೋರಾಗಿ ಹೋಗುತ್ತಿದೆ, ತಳದಲ್ಲಿ ಒಂದು ಗುಂಡುಕಲ್ಲು ಇದೆ ಅಂದುಕೊಳ್ಳಿ. ಕಲ್ಲು ದಾಟಿದ ಮೇಲೆ ನೀರು ಒಂದು ಸಲ ಇಳಿದು ಉಬ್ಬುತ್ತದೆ, ಮತ್ತೆ ಇಳಿದು ಉಬ್ಬುತ್ತದೆ. ನೀರು ಹೋಗುತ್ತಲೇ ಇರುತ್ತದೆ, ಉಬ್ಬು ಮಾತ್ರ ಇದ್ದಲ್ಲೇ ಇರುತ್ತದೆ. ಓವೆನ್ಸ್ ಕಣಿವೆಯ ಪಶ್ಚಿಮಕ್ಕೆ ಸಿಯೆರಾ ನೆವಾಡ ಅನ್ನುವ ಬೆಟ್ಟಸಾಲು ಗೋಡೆಯ ಹಾಗೆ ನಿಂತಿದೆ. ಅದರ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ 4,400 ಮೀಟರಿಗೂ ಮಿಕ್ಕಿದೆ. ಕಣಿವೆಯ ತಳ ಇರುವುದು ಸುಮಾರು 1,200 ಮೀಟರಿನಲ್ಲಿ. ಪಶ್ಚಿಮದ ಗಾಳಿ ಆ ಗೋಡೆ ಹತ್ತಿ ಈ ಕಡೆ ಧುಮುಕಿ, ಕಾಲುವೆ ನೀರಿನ ಹಾಗೆಯೇ ಇಳಿದು ಉಬ್ಬುತ್ತದೆ. ಉಬ್ಬಿದ ಕಡೆ ಗಾಳಿ ಮೇಲೇರಿ ತಣ್ಣಗಾಗಿ, ಅದರಲ್ಲಿನ ತೇವ ಮೋಡವಾಗುತ್ತದೆ. ಇಳಿದ ಕಡೆ ಬೆಚ್ಚಗಾಗಿ ಮೋಡ ಕರಗುತ್ತದೆ. ಅದಕ್ಕೇ ಎಂಥಾ ಬಿರುಗಾಳಿಯಲ್ಲೂ ಆ ಮೋಡ ಗಂಟೆಗಟ್ಟಲೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಗಾಳಿ ಅದರೊಳಗೆ ಹೊಕ್ಕು ಆಚೆ ಹೋಗುತ್ತಲೇ ಇರುತ್ತದೆ.

ಹಾರುವ ತಟ್ಟೆ ಪ್ರಶ್ನೆ ಅಲ್ಲಿಗೆ ಮುಗಿಯಿತು. ಈಗ ಕೆಳಗೆ ನೋಡೋಣ.

ಓವೆನ್ಸ್ ಕಣಿವೆ ಒಣಭೂಮಿ. ಸಮುದ್ರದಿಂದ ಬಂದ ತೇವವನ್ನೆಲ್ಲ ಬೆಟ್ಟವೇ ಹಿಂಡಿಕೊಂಡು ಬಿಡುತ್ತದೆ. ಈ ಕಡೆ ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರಿಗೂ ಕಡಿಮೆ. ಆದರೆ ಬೆಟ್ಟದ ಹಿಮ ಕರಗಿ ಹೊಳೆಯಾಗಿ ಇಳಿಯುತ್ತಿತ್ತು. ಅಲ್ಲಿನ ಮೂಲನಿವಾಸಿ ಪಾಯೂಟ್ ಜನ ಬಿಳಿಯರು ಬರುವ ಮುಂಚೆಯೇ ಕಾಲುವೆ ತೋಡಿ ಆ ನೀರನ್ನು ಹಾಯಿಸುತ್ತಿದ್ದರು. ಆ ಕಣಿವೆಗೆ ಅವರಿಟ್ಟ ಹೆಸರಿನ ಅರ್ಥವೇ ನೀರು ಹರಿಯುವ ನಾಡು ಎಂದು. ಹೊಳೆಯ ಕೊನೆಯಲ್ಲಿ ಸುಮಾರು 280 ಚದರ ಕಿಲೋಮೀಟರಿನ ಓವೆನ್ಸ್ ಸರೋವರ ಇತ್ತು. 1870ರ ದಶಕದಲ್ಲಿ ಅದರ ಮೇಲೆ ಗಣಿಯ ಬೆಳ್ಳಿ ಹೊತ್ತು ಉಗಿದೋಣಿ ಓಡಾಡುತ್ತಿತ್ತು.

ಆಮೇಲೆ ಲಾಸ್ ಏಂಜಲೀಸ್ ನಗರಕ್ಕೆ ನೀರು ಬೇಕಾಯಿತು. ನಗರದ ಪರವಾಗಿ ಜಮೀನು, ನೀರಿನ ಹಕ್ಕು ಸದ್ದಿಲ್ಲದೆ ಖರೀದಿಯಾದವು. ಸರ್ಕಾರ ನಮಗೇ ನೀರಾವರಿ ಮಾಡಿಕೊಡುತ್ತದೆ ಅಂತ ಎಷ್ಟೋ ರೈತರು ನಂಬಿಕೊಂಡಿದ್ದರು. 1913ರಲ್ಲಿ 370 ಕಿಲೋಮೀಟರಿಗೂ ಉದ್ದದ ಕಾಲುವೆ ತೆರೆಯಿತು. 1920ರ ದಶಕ ಮುಗಿಯುವ ಮೊದಲೇ ಸರೋವರ ಒಣಗಿತು. 1924ರಲ್ಲಿ ಕಣಿವೆಯ ಜನ ಕಾಲುವೆಗೆ ಡೈನಮೈಟ್ ಇಟ್ಟರು. ಅದೇ ವರ್ಷ ನವೆಂಬರಿನಲ್ಲಿ ತೂಬನ್ನು ವಶಕ್ಕೆ ತೆಗೆದುಕೊಂಡು ನಾಲ್ಕು ದಿನ ನೀರನ್ನು ಹಳೆಯ ಹೊಳೆಗೇ ಬಿಟ್ಟರು. ಕೊನೆಗೆ ಸೋತರು. ಇವತ್ತಿಗೂ ಆ ಕಣಿವೆಯ ತಳದ ಬಹುಪಾಲು ಜಮೀನಿನ ಮಾಲೀಕ ಲಾಸ್ ಏಂಜಲೀಸ್ ನಗರವೇ.

ಮೂಲ ಫೋಟೋದಲ್ಲಿದ್ದ ಬೆಳ್ಳಗಿನ ಬಯಲು ಹಿಮ ಅಲ್ಲ. ಅದು ಸತ್ತ ಸರೋವರದ ಉಪ್ಪು ನೆಲ. ಮುಂದೆ ಅದು ಅಮೆರಿಕದಲ್ಲೇ ಉಸಿರಿಗೆ ಹೊಗುವ ಸಣ್ಣ ದೂಳಿನ ಅತಿ ದೊಡ್ಡ ಒಂಟಿ ಮೂಲ ಅನ್ನಿಸಿಕೊಂಡಿತು. ಆ ದೂಳಿನಲ್ಲಿ ಆರ್ಸೆನಿಕ್‌ನಂಥ ವಿಷವೂ ಇತ್ತು. ಸುತ್ತಲ ಊರಿನ ಮಕ್ಕಳು ಮುದುಕರು ಅದನ್ನೇ ಉಸಿರಾಡಿದರು.

ಇಲ್ಲೇ ಇರುವುದು ವಿಷಯದ ಗಂಟು. ಬೆಟ್ಟ ಇಳಿದು ಬರುವ ಆ ಜೋರು ಗಾಳಿಯೇ ಮೇಲೆ ತಟ್ಟೆ ಮೋಡ ಕಟ್ಟುತ್ತದೆ. ಅದೇ ಗಾಳಿ ಕೆಳಗೆ ಸರೋವರದ ದೂಳು ಎಬ್ಬಿಸುತ್ತದೆ. ಮೇಲಿನ ಚೆಲುವು, ಕೆಳಗಿನ ಕೆಮ್ಮು ಎರಡೂ ಒಂದೇ ಗಾಳಿಯ ಕೆಲಸ, ಎಷ್ಟೋ ಸಲ ಒಂದೇ ದಿನದ ಕೆಲಸ. ಹಾಗಿರುವಾಗ ಮೋಡ ಇಟ್ಟುಕೊಂಡು ನೆಲ ಕತ್ತರಿಸಿದರೆ ಆ ಫೋಟೋ ಏನು ಹೇಳಿದ ಹಾಗಾಯಿತು? ಆಕಾಶದಿಂದ ಏನೋ ಬಂತು ಅಂದ ಹಾಗಾಯಿತು. ನೆಲದ ಮೇಲೆ ಯಾರು ಏನು ಮಾಡಿದರು ಅನ್ನುವುದು ಅಳಿಸಿಹೋಯಿತು.

ನೆಲ ಸೇರಿಸಿ ತೆಗೆದ ಫೋಟೋ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೂ ಅದೇ ಕಣಿವೆಯೇ ಸಾಕ್ಷಿ. ಬಿಷಪ್ ಅನ್ನುವ ಊರಿನ ರಾಬರ್ಟ್ ಸೈಮನ್ಸ್ ಎಂಬ ಪೈಲಟ್ 1950ರ ಸುಮಾರಿಗೆ ವಿಮಾನದಿಂದ ಒಂದು ಫೋಟೋ ತೆಗೆದ. ಅದರಲ್ಲಿ ಬೆಟ್ಟ ಇದೆ, ಕಣಿವೆಯ ತಳದಿಂದ ಎದ್ದ ದೂಳು ಇದೆ, ಆ ದೂಳು ಸೀದಾ ಮೇಲೇರಿ ಉದ್ದಕ್ಕೆ ಮಲಗಿದ ಮೋಡ ಸೇರುವುದೂ ಕಾಣುತ್ತದೆ. ಕಣ್ಣಿಗೆ ಕಾಣದ ಗಾಳಿ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದನ್ನು ದೂಳು ತೋರಿಸಿಕೊಟ್ಟಿತು. ಹವಾಮಾನದ ಪುಸ್ತಕಗಳಲ್ಲಿ ಆ ಚಿತ್ರ ಇವತ್ತಿಗೂ ಅಚ್ಚಾಗುತ್ತದೆ. ನೆಲ ಕತ್ತರಿಸಿದ್ದರೆ ಅದು ಇನ್ನೊಂದು ಮೋಡದ ಪಟ ಆಗುತ್ತಿತ್ತು, ಅಷ್ಟೆ. 1951-52ರಲ್ಲಿ ವಿಜ್ಞಾನಿಗಳು ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳನ್ನು ತಂದು ಆ ಗಾಳಿಯ ಅಲೆಯನ್ನು ಅಳೆದರು. ಇಬ್ಬರು ಅದೇ ಅಲೆ ಹತ್ತಿ 44,255 ಅಡಿ ಎತ್ತರಕ್ಕೆ ಹೋದರು. ಬೆಟ್ಟದ ಹತ್ತಿರ ವಿಮಾನಗಳು ಯಾಕೆ ಕುಲುಕಾಡುತ್ತವೆ, ಎಲ್ಲಿ ಅಪಾಯ ಅನ್ನುವ ತಿಳಿವಳಿಕೆಯ ಒಂದು ಪಾಲು ಅಲ್ಲಿಂದ ಬಂದದ್ದು.

ಇನ್ನೊಂದು ಉದಾಹರಣೆ ಇನ್ನೂ ಮುಖ್ಯ. ಸರೋವರದ ಯಾವ ಭಾಗದಿಂದ ದೂಳು ಏಳುತ್ತದೆ ಎಂದು ಗುರುತಿಸಲು ಸುತ್ತಲಿನ ಎತ್ತರದ ಜಾಗಗಳಲ್ಲಿ ಕ್ಯಾಮೆರಾ ಇಟ್ಟರು. ಜೊತೆಗೆ ಅಳೆಯುವ ಯಂತ್ರಗಳು ಇದ್ದವು. ಇಂಥ ದಿನ, ಇಂಥ ಹೊತ್ತು, ಇಂಥ ಜಾಗ ಅನ್ನುವ ಲೆಕ್ಕ ಕೂಡಿತು. ಲೆಕ್ಕ ಇದ್ದರೆ ಜವಾಬ್ದಾರಿ ತಪ್ಪಿಸಿಕೊಳ್ಳುವುದು ಕಷ್ಟ. 2001ರಿಂದ ನಗರವೇ ಆ ಒಣ ನೆಲಕ್ಕೆ ತೆಳ್ಳಗೆ ನೀರು ಹಾಯಿಸುವುದು, ಜಲ್ಲಿ ಹರಡುವುದು, ಹುಲ್ಲು ಬೆಳೆಸುವುದು ಮಾಡಬೇಕಾಯಿತು. ಇದಕ್ಕೆ ಈವರೆಗೆ 200 ಕೋಟಿ ಡಾಲರಿಗೂ ಹೆಚ್ಚು ಖರ್ಚಾಗಿದೆ. ನೀರು ಹೋದ ಮೇಲೆ ವಾಪಸು ಬಂದದ್ದು ಅಷ್ಟೋ ಇಷ್ಟೋ. ಆದರೆ ದೂಳು ತುಂಬಾ ಇಳಿದಿದೆ, ಹಕ್ಕಿಗಳು ಮತ್ತೆ ಬರುತ್ತಿವೆ.

ಇಷ್ಟು ಹೇಳಿದ ಮೇಲೆ ನೀವು ಕೇಳಬಹುದು: ಚೆಂದದ ಮೋಡ ಕಂಡರೆ ಚೆಂದಕ್ಕೆ ಫೋಟೋ ತೆಗೆಯಬಾರದೇ? ಎಲ್ಲದಕ್ಕೂ ರಾಜಕೀಯ ತಗುಲಿಸಬೇಕೇ?

ತೆಗೆಯಿರಿ. ನಾನೂ ತೆಗೆಯುತ್ತೀನಿ. ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಸಿಕ್ಕಿದವರು ಆನ್ಸೆಲ್ ಆಡಮ್ಸ್. ಅಮೆರಿಕದ ಬಹು ದೊಡ್ಡ ಛಾಯಾಗ್ರಾಹಕರು. 1944ರಲ್ಲಿ ಅವರು ಇದೇ ಕಣಿವೆಯಲ್ಲಿ ಮೌಂಟ್ ವಿಲಿಯಮ್ಸನ್ ಬೆಟ್ಟದ ಚಿತ್ರ ತೆಗೆದರು. ಎದುರಿಗೆ ಬಂಡೆಗಳ ಬಯಲು, ಹಿಂದೆ ಬೆಟ್ಟ, ಮೋಡ ಸೀಳಿಕೊಂಡು ಇಳಿಯುವ ಬಿಸಿಲು. ಲೋಕಪ್ರಸಿದ್ಧ ಚಿತ್ರ. ಅದನ್ನು ತೆಗೆದ ಜಾಗದ ಹೆಸರು ಮಾಂಜನಾರ್. ಸ್ಪ್ಯಾನಿಷ್ ಭಾಷೆಯಲ್ಲಿ ಅದರ ಅರ್ಥ ಸೇಬಿನ ತೋಟ. ನಿಜವಾಗಿಯೂ ಅಲ್ಲಿ ಹಣ್ಣಿನ ತೋಟಗಳ ಊರಿತ್ತು. ನಗರ ನೀರಿನ ಹಕ್ಕು ಕೊಂಡ ಮೇಲೆ ಊರು ಖಾಲಿಯಾಯಿತು. ಎರಡನೇ ಮಹಾಯುದ್ಧದಲ್ಲಿ ಅದೇ ಜಾಗದಲ್ಲಿ ಮುಳ್ಳುತಂತಿ ಬಿಗಿದು, ಜಪಾನಿ ಮೂಲದ ಹತ್ತು ಸಾವಿರ ಜನರನ್ನು ಕೂಡಿಹಾಕಿದರು. ಬಹಳ ಮಂದಿ ಅಮೆರಿಕದಲ್ಲೇ ಹುಟ್ಟಿದವರು. ಯಾವ ತಪ್ಪೂ ಮಾಡದವರು.

ಬೆಟ್ಟ ಮತ್ತು ಮೋಡದ ಆ ಚಿತ್ರದಲ್ಲಿ ಮುಳ್ಳುತಂತಿ ಇಲ್ಲ, ಜನ ಇಲ್ಲ. ಹಾಗಂತ ಆಡಮ್ಸ್ ಅವರನ್ನು ದೂರಲೇ? ಆಗದು. ಯಾಕೆಂದರೆ ಅವರು ಅಲ್ಲಿಗೆ ಹೋದದ್ದೇ ಆ ಜನರ ಚಿತ್ರ ತೆಗೆಯಲು. ಅವರ ಮುಖ, ಕೆಲಸ, ಶಾಲೆ, ತೋಟಗಳ ಚಿತ್ರ ತೆಗೆದು, ಯುದ್ಧ ಇನ್ನೂ ನಡೆಯುತ್ತಿರುವಾಗಲೇ 1944ರಲ್ಲಿ ಪುಸ್ತಕ ಮಾಡಿದರು. ಮೋಡದ ಚಿತ್ರದ ಹೆಸರಿನಲ್ಲೂ ಮಾಂಜನಾರ್ ಅನ್ನುವುದನ್ನು ಬಿಡಲಿಲ್ಲ. ಆದರೆ ಆದದ್ದೇನು? ಮೋಡದ ಚಿತ್ರ ಲೋಕ ಸುತ್ತಿತು. ಜನರ ಚಿತ್ರ ಅಷ್ಟು ಓಡಲಿಲ್ಲ. ತೆಗೆದವರು ಎರಡನ್ನೂ ಕೊಟ್ಟರು, ನೋಡುವವರು ಒಂದನ್ನು ಆರಿಸಿಕೊಂಡರು.

ಅದೇ ಬಿಡಾರದ ಒಳಗೆ ಟೋಯೋ ಮಿಯಾಟಾಕೆ ಅನ್ನುವ ಛಾಯಾಗ್ರಾಹಕರೂ ಬಂದಿಯಾಗಿದ್ದರು. ಬಂದಿಗಳು ಕ್ಯಾಮೆರಾ ಇಟ್ಟುಕೊಳ್ಳುವಂತಿರಲಿಲ್ಲ. ಅವರು ಒಂದು ಲೆನ್ಸನ್ನು ಬಚ್ಚಿಟ್ಟುಕೊಂಡು ಒಳಗೆ ತಂದರು. ಬಡಗಿಯೊಬ್ಬರಿಂದ ಮರದ ಪೆಟ್ಟಿಗೆ ಮಾಡಿಸಿ, ಅದನ್ನೇ ಕ್ಯಾಮೆರಾ ಮಾಡಿಕೊಂಡು ಗುಟ್ಟಾಗಿ ಚಿತ್ರ ತೆಗೆದರು. ಹೊರಗಿನಿಂದ ಬಂದವರಿಗೆ ಮೊದಲು ಬೆಟ್ಟ ಮೋಡ ಕಂಡೀತು. ಒಳಗೆ ಬದುಕುವವರು ತೆಗೆಯದಿದ್ದರೆ ಒಳಗಿನ ಬದುಕು ಯಾರಿಗೂ ಕಾಣುವುದಿಲ್ಲ. ಈ ಮಾತು ನಮ್ಮ ಹಳ್ಳಿಗಳಿಗೂ ಅನ್ವಯಿಸುತ್ತದೆ ಅಂತ ನನ್ನ ನಂಬಿಕೆ.

ನಮ್ಮದು ಮರುಭೂಮಿಯಲ್ಲ. ಆದರೆ ಚಳ್ಳಕೆರೆ ಕಡೆಯವರಾದ ನಮಗೆ ಮಳೆ ನೆರಳು ಅಂದರೇನು ಅಂತ ಪುಸ್ತಕ ನೋಡಿ ತಿಳಿಯಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಅಲ್ಲಿಂದ ಇನ್ನೂರು ಕಿಲೋಮೀಟರಿನೊಳಗೆ ನಮ್ಮಲ್ಲಿ 500ರ ಆಸುಪಾಸು. ಆಷಾಢದ ಗಾಳಿಗೆ ಮೋಡಗಳು ಪಶ್ಚಿಮದಿಂದ ದಂಡು ದಂಡಾಗಿ ಬರುತ್ತವೆ, ತಲೆ ಮೇಲೆ ಹಾದು ಆಚೆ ಹೋಗುತ್ತವೆ. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತವೆ. ಕೆಳಗೆ ಶೇಂಗಾ ಹಾಕಿದವರು ಮೇಲೆ ನೋಡುತ್ತಾ ಕೂತಿರುತ್ತಾರೆ. ಆ ಮೋಡದ ಫೋಟೋ ತೆಗೆದವರಿಗೆ ಅದು ಸ್ಟೇಟಸ್. ಕೆಳಗೆ ನಿಂತವರಿಗೆ ಅದು ಆ ವರ್ಷದ ಬದುಕು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ವಿಚಿತ್ರ ಮೋಡ ಕಂಡರೆ ಖಂಡಿತ ಫೋಟೋ ತೆಗೆಯಿರಿ, ಆದರೆ ನೆಲ ಬಿಡಬೇಡಿ. ಫೋನಿನಲ್ಲಿ ಇದಕ್ಕೆ ಖರ್ಚಿಲ್ಲ.

ಫೋನನ್ನು ಸ್ವಲ್ಪ ಕೆಳಗೆ ಬಾಗಿಸಿ. ಪಟದ ಕೆಳಗಿನ ಭಾಗದಲ್ಲಿ ಗುಡ್ಡ, ಕೆರೆ ಏರಿ, ಗುಡಿ ಗೋಪುರ, ಬೇವಿನ ಮರ, ಏನಾದರೂ ಗುರುತು ಇರಲಿ. ಗುರುತಿದ್ದರೆ ಮೋಡದ ಗಾತ್ರವೂ ಗೊತ್ತಾಗುತ್ತದೆ, ಯಾವ ಊರು ಅನ್ನುವುದೂ ಗೊತ್ತಾಗುತ್ತದೆ.

ಒಂದೇ ಫೋಟೋ ಸಾಲದು. ಅದೇ ಜಾಗದಲ್ಲಿ ನಿಂತು ಹತ್ತು ನಿಮಿಷಕ್ಕೊಂದು ತೆಗೆಯಿರಿ. ಮೋಡ ನಿಂತಿದೆಯೋ, ಓಡುತ್ತಿದೆಯೋ, ಬೆಳೆಯುತ್ತಿದೆಯೋ ಆಗ ಕಾಣುತ್ತದೆ. ಓಡದೆ ನಿಂತ ಮೋಡ ಅಂದರೆ ಹತ್ತಿರದಲ್ಲಿ ಎಲ್ಲೋ ಬೆಟ್ಟ ಗಾಳಿಯನ್ನು ತಡೆದಿದೆ ಅಂತ ಅನುಮಾನಿಸಬಹುದು.

ಊರು, ತಾರೀಕು, ಹೊತ್ತು, ಯಾವ ದಿಕ್ಕಿಗೆ ನೋಡಿ ತೆಗೆದದ್ದು ಎಂದು ಒಂದು ಸಾಲು ಬರೆದುಕೊಳ್ಳಿ. ಬಣ್ಣ ಏರಿಸುವ ಫಿಲ್ಟರ್ ಬೇಡ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಫೋಟೋ ಕಳಿಸಿದರೆ ಅದರೊಳಗೆ ಅಡಗಿರುವ ಜಾಗ, ಸಮಯದ ಮಾಹಿತಿ ಕಳಚಿಹೋಗುತ್ತದೆ. ಬೇಕಾದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೂಲ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಊರೂರು ಅಲೆಯುವ ಮೋಡದ ಪಟಗಳಿಗೆ ವಿಳಾಸ ತಪ್ಪುವುದು ಹೀಗೆಯೇ. ಗುಡುಗು ಕೇಳಿಸಿತು ಅಂದರೆ ಮಾತ್ರ ಫೋಟೋ ಬಿಟ್ಟು ಒಳಗೆ ಹೋಗಿ. ಯಾವ ಮೋಡವೂ ಜೀವಕ್ಕಿಂತ ದೊಡ್ಡದಲ್ಲ.

ಇದರಿಂದ ಏನು ಪ್ರಯೋಜನ ಅನ್ನುವವರಿಗೆ ಎರಡು ಮಾತು. 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆ ತನ್ನ ಮೋಡಗಳ ಅಧಿಕೃತ ಪಟ್ಟಿಗೆ ಆಸ್ಪೆರಿಟಾಸ್ ಎಂಬ ಹೊಸ ಹೆಸರು ಸೇರಿಸಿತು. ಕೆಳಗಿನಿಂದ ನೋಡಿದರೆ ಕದಡಿದ ಸಮುದ್ರದ ಹಾಗೆ ಕಾಣುವ ಮೋಡ ಅದು. ವಿಜ್ಞಾನಿಗಳು ಒಪ್ಪಲು ಕಾರಣವಾದದ್ದು ಹಲವು ದೇಶಗಳ ಸಾಮಾನ್ಯ ಜನ ವರ್ಷಗಟ್ಟಲೆ ತೆಗೆದು ಕಳಿಸಿದ ಫೋಟೋಗಳು. ಇನ್ನೊಂದು ನಮ್ಮ ಮನೆ ಬಾಗಿಲಿನದು. ಫಸಲ್ ಬಿಮಾ ಮಾಡಿಸಿದವರ ಹೊಲಕ್ಕೆ ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಆಗ ಮೋಡ, ಹೊಲ, ತಾರೀಕು ಮೂರೂ ಇರುವ ಫೋಟೋ ಕೈಯಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಬರೀ ಮೋಡದ ಫೋಟೋ ತೋರಿಸಿದರೆ ಯಾರು ಕೇಳುತ್ತಾರೆ?

ಮಾವನಿಗೆ ಫೋನ್ ಮಾಡಿ ಇಷ್ಟೆಲ್ಲ ಹೇಳಿದೆ. ಮೂಲ ಚಿತ್ರವನ್ನೂ ಕಳಿಸಿದೆ. ಅವರು ಮೋಡದ ಬಗ್ಗೆ ಏನೂ ಕೇಳಲಿಲ್ಲ. ಆ ಬಿಳಿ ಬಯಲನ್ನೇ ದೊಡ್ಡದು ಮಾಡಿ ನೋಡಿದರಂತೆ. "ಅಷ್ಟು ದೊಡ್ಡ ಕೆರೆ ಹದಿಮೂರು ಹದಿನಾಕು ವರ್ಷದಲ್ಲಿ ಒಣಗಿತಾ?" ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೇ ಗ್ರೂಪಿಗೆ ಹಾಕು. ಕೆರೆ ಕಾಣೋ ಹಾಗೆ ಹಾಕು" ಅಂದರು.

ಹಾಕಿದೆ. ಹತ್ತು ಜನಕ್ಕೆ ಕಳಿಸಿ ಅಂತ ಮಾತ್ರ ಬರೆಯಲಿಲ್ಲ. ನಮ್ಮ ಕೆರೆಯ ಫೋಟೋ ಯಾರ ಹತ್ತಿರ ಇದೆ, ಹಳೆಯದು ಇದ್ದರೂ ಸರಿ, ತಾರೀಕು ಸಮೇತ ಕಳಿಸಿ ಅಂತ ಬರೆದೆ. ಈವರೆಗೆ ನಾಲ್ಕು ಬಂದಿವೆ.